ಅನುಭವವೊಂದೇ ಸಾಕೇ?

ಅರುವತ್ತು ದಾಟಿದವರೊಬ್ಬರು ಕಥೆ ಬರೆಯುವುದನ್ನು ಕಲಿಯಲೆಂದು ವಿಶ್ವವಿದ್ಯಾನಿಲಯಕ್ಕೆ ಸೇರಿದರೆಂದರೆ ಕೇಳಿದವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುವುದು ಸಹಜ. ಜೀವನವೇ ಇಷ್ಟೆಲ್ಲ ಕಲಿಸಿರುವಾಗ ಮತ್ತೆ ತರಗತಿ ಏಕೆ? ವಿಶ್ರಾಂತಿಯ ವಯಸ್ಸಿನಲ್ಲಿ ಹೆಸರಿನ ಆಸೆ ಏಕೆ? ಇವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಉಳಿದಿರುವ ಆಯುಷ್ಯವನ್ನು ಮನುಷ್ಯನು ಯಾವುದಕ್ಕೆ ವಿನಿಯೋಗಿಸಬೇಕೆಂಬ ನೈತಿಕ ವಿಚಾರವು ಇವುಗಳಲ್ಲಿ ಅಡಗಿದೆ.

ಸೃಜನಶೀಲ ಬರವಣಿಗೆಯನ್ನು ವಿಶ್ವವಿದ್ಯಾನಿಲಯಗಳಲ್ಲಿ ಕಲಿಸುವ ಪದ್ಧತಿ ಬಹಳ ಪ್ರಾಚೀನವಾದುದಲ್ಲ. ಅಮೆರಿಕದ ಅಯೋವಾ ವಿಶ್ವವಿದ್ಯಾನಿಲಯದ ಲೇಖಕರ ಕಮ್ಮಟವು 1936ರಲ್ಲಿ ಆರಂಭವಾಯಿತು. ಇಂಗ್ಲೆಂಡಿನಲ್ಲಿ ಕಾದಂಬರಿಕಾರರಾದ ಮಾಲ್ಕಮ್ ಬ್ರಾಡ್‌ಬರಿ ಮತ್ತು ಆಂಗಸ್ ವಿಲ್ಸನ್ ಅವರು ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾನಿಲಯದಲ್ಲಿ 1970ರಲ್ಲಿ ಇದಕ್ಕೆಂದೇ ಎಂ.ಎ. ತರಗತಿಯನ್ನು ತೆರೆದರು. ಅದೇ ಸುಮಾರಿಗೆ, 1969ರಲ್ಲಿ ಸ್ಥಾಪಿತವಾದ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾನಿಲಯವು ಹಿಂದಿನ ಅರ್ಹತೆಗಳನ್ನು ಕೇಳದೆಯೇ ವಯಸ್ಕರನ್ನು ಸೇರಿಸಿಕೊಂಡು 1971ರಿಂದ ಪಾಠ ಹೇಳತೊಡಗಿತು. ಓದು ಎಳೆಯರ ಸೊತ್ತು ಮಾತ್ರವೆಂಬ ಭಾವನೆ ಇದರಿಂದ ಬಹುಮಟ್ಟಿಗೆ ಸಡಿಲವಾಯಿತು.

ಆದರೆ ಪದವಿಯಿಂದಲೇ ಲೇಖಕನಾಗುತ್ತಾನೆಂದು ಹೇಳಲಾಗದು. ಪೆನೆಲೊಪಿ ಫಿಟ್ಜ್‌ಜೆರಾಲ್ಡ್ ಅವರ ಮೊದಲ ಕಾದಂಬರಿ 1977ರಲ್ಲಿ, ಅವರ ಅರುವತ್ತರ ವಯಸ್ಸಿನಲ್ಲಿ ಪ್ರಕಟವಾಯಿತು. 1979ರಲ್ಲಿ ಬುಕರ್ ಪ್ರಶಸ್ತಿ ದೊರೆಯಿತು. ಅವರು ಇಂತಹ ತರಗತಿಯಲ್ಲಿ ತರಬೇತಿ ಪಡೆದವರಲ್ಲ.

ಹಾಗಾದರೆ ತರಗತಿ ನೀಡುವುದೇನು? ಕಮ್ಮಟದ ಕ್ರಮ ಸರಳವಾದುದು. ವಿದ್ಯಾರ್ಥಿಯು ತನ್ನ ಬರಹವನ್ನು ಸಹಪಾಠಿಗಳಿಗೆ ಮುಂಚಿತವಾಗಿ ಹಂಚುತ್ತಾನೆ. ಅವರು ಓದಿಕೊಂಡು ಬಂದು ಚರ್ಚಿಸುತ್ತಾರೆ. ಚರ್ಚೆ ಮುಗಿಯುವವರೆಗೆ ಬರೆದವನು ಮೌನವಾಗಿರಬೇಕೆಂಬುದು ಬಹುಕಾಲದ ಸಂಪ್ರದಾಯ. ಈಚೆಗೆ ಕೆಲವೆಡೆ ಅದನ್ನು ಸಡಿಲಿಸಿದ್ದಾರೆ. ಹಿರಿಯ ವಿದ್ಯಾರ್ಥಿಗೆ ಈ ಮೌನವೇ ಕಠಿಣವಾದ ಪಾಠ. ಮನೆಯಲ್ಲಿ, ವ್ಯವಹಾರದಲ್ಲಿ ಆತನ ಮಾತಿಗೆ ಎದುರುತ್ತರವಿರಲಿಲ್ಲ. ಒಂದೇ ಪ್ರಸಂಗವನ್ನು ನಾಲ್ಕು ಸಲ ಹೇಳಿದರೂ ಕಿರಿಯರು ಗೌರವದಿಂದ ಕೇಳುತ್ತಿದ್ದರು. ಇಲ್ಲಿಯಾದರೋ ಇಪ್ಪತ್ತೆರಡರ ತರುಣಿಯೊಬ್ಬಳು, "ಕಥೆಯ ತಂದೆ ಮಗನನ್ನು ಏಕೆ ದೂರ ಮಾಡಿದನೆಂಬುದು ನನಗೆ ತಿಳಿಯಲಿಲ್ಲ" ಎನ್ನಬಹುದು. "ನನ್ನ ವಯಸ್ಸಿಗೆ ಬಂದಾಗ ತಿಳಿದೀತು" ಎಂದು ಬಾಯಿ ಮುಚ್ಚಿಸುವಂತಿಲ್ಲ. ಕಾರಣವು ತನ್ನ ಮನಸ್ಸಿನಲ್ಲಿದೆ, ಕಾಗದದ ಮೇಲಿಲ್ಲ ಎಂಬುದನ್ನು ಆತನು ಒಪ್ಪಬೇಕಾಗುತ್ತದೆ. ಮಾನಕಷಾಯವು ಕರಗಲು ಇದಕ್ಕಿಂತ ನೇರವಾದ ಸಾಧನ ಮುಪ್ಪಿನಲ್ಲಿ ಸುಲಭವಾಗಿ ದೊರೆಯಲಾರದು.

ಇನ್ನೂ ಒಂದು ಹೆಜ್ಜೆಯಿದೆ. ಹಿರಿಯನ ನೆನಪುಗಳು ಆತನೊಬ್ಬನ ಸ್ವತ್ತಲ್ಲ. ಪತ್ನಿ, ಸಹೋದರ, ಪಾಲುದಾರ ಎಲ್ಲರ ಬಾಳೂ ಅವುಗಳಲ್ಲಿ ಬೆರೆತಿರುತ್ತದೆ. ಆ ತರುಣಿಯ ಪ್ರಶ್ನೆಗೆ ಉತ್ತರ ಬರೆಯಬೇಕಾದರೆ ಮಗನಿಗೆ ತಂದೆಯು ಹೇಗೆ ಕಂಡನೆಂಬುದನ್ನೂ ಬರೆಯಬೇಕು. ದೀರ್ಘಕಾಲದಿಂದ ತಾನೇ ವಾದಿಯೂ ನ್ಯಾಯಾಧೀಶನೂ ಆಗಿದ್ದವನು ಎದುರಿನವನ ನೆಲೆಯಲ್ಲಿ ನಿಂತು ನೋಡಬೇಕಾಗುತ್ತದೆ. ಹಳೆಯ ವೈರವನ್ನು ತೀರಿಸಿಕೊಳ್ಳಲು ಬರೆದ ಕಥೆಯು ಓದುಗನ ಮುಂದೆ ನಿಲ್ಲದಿರುವುದು ಈ ಕಾರಣದಿಂದಲೇ.

ಆನ್ ಯಂಗ್‌ಸನ್ ಅವರ ನಿದರ್ಶನ ಇಲ್ಲಿ ಸ್ಮರಣೀಯ. ದೀರ್ಘಕಾಲ ಮೋಟಾರು ಉದ್ಯಮದಲ್ಲಿ ದುಡಿದ ಆ ಮಹಿಳೆ, ತರುವಾಯ ಸೃಜನಶೀಲ ಬರವಣಿಗೆಯ ವ್ಯಾಸಂಗ ಕೈಗೊಂಡರು. 2018ರಲ್ಲಿ, ಎಪ್ಪತ್ತರ ವಯಸ್ಸಿನಲ್ಲಿ, ಅವರ ಮೊದಲ ಕಾದಂಬರಿ 'ಮೀಟ್ ಮಿ ಅಟ್ ದ ಮ್ಯೂಸಿಯಂ' ಹೊರಬಂದಿತು. ಇಂಗ್ಲೆಂಡಿನ ರೈತ ಗೃಹಿಣಿಯೊಬ್ಬಳೂ ಡೆನ್ಮಾರ್ಕಿನ ವಸ್ತುಸಂಗ್ರಹಾಲಯದ ಅಧಿಕಾರಿಯೊಬ್ಬನೂ ಬರೆದುಕೊಂಡ ಪತ್ರಗಳೇ ಆ ಕೃತಿಯ ಶರೀರ. ಪತ್ರ ಬರೆಯುವವನು ಓದುವವನನ್ನು ಮರೆಯಲಾರ.

ಹೆಸರಿನ ಆಸೆಯ ಮಾತು ಉಳಿಯಿತು. ಅದು ಇರಬಹುದು, ಎಳೆಯರಲ್ಲಿಯೂ ಇರುತ್ತದೆ. ಒಂದು ಸಾಲೂ ಅಚ್ಚಾಗದೆಂದು ಖಚಿತವಾದರೂ ಓದನ್ನು ಮುಂದುವರಿಸುವೆನೇ ಎಂದು ಸೇರುವ ಮೊದಲೇ ತನ್ನನ್ನು ಕೇಳಿಕೊಳ್ಳುವುದು ಲೇಸು. ಶುಲ್ಕದ ಹಣ ಮನೆಯವರ ಅಗತ್ಯದಿಂದ ಕಿತ್ತುದಾಗಿರಬಾರದು. ಅನಾರೋಗ್ಯದಲ್ಲಿರುವ ಸಂಗಾತಿಯ ಶುಶ್ರೂಷೆಯನ್ನು ತಪ್ಪಿಸಿಕೊಳ್ಳುವ ನೆಪವೂ ಆಗಬಾರದು. ಈ ಪರೀಕ್ಷೆಗಳಲ್ಲಿ ಉತ್ತೀರ್ಣನಾದವನು ಸಂಕೋಚವಿಲ್ಲದೆ ಹಿಂದಿನ ಬೆಂಚಿನಲ್ಲಾದರೂ ಕುಳಿತುಕೊಳ್ಳಲಿ. ಅನುಭವವನ್ನು ಕೂಡಿಟ್ಟುಕೊಂಡೇ ಹೋಗುವವರು ಅನೇಕರು. ಅದನ್ನು ಇನ್ನೊಬ್ಬರಿಗೆ ಅರ್ಥವಾಗುವಂತೆ ಕೊಟ್ಟು ಹೋಗಲು ಶ್ರಮಿಸುವುದು ಯಾವ ವಯಸ್ಸಿಗೂ ಅಗೌರವವಲ್ಲ.