ಜನ್ಮದಿನವೂ ಸಾಲದ ಹೊರೆಯೂ



ವಿಳಿಂಜಂ ಬಂದರು 2025ರ ಮೇ 2ರಂದು ಲೋಕಾರ್ಪಣೆಗೊಂಡಿತು. ಅಲ್ಲಿ ದುಡಿಯಲೆಂದು ಬಂದು ಬಾಡಿಗೆಯ ಮನೆಗಳಲ್ಲಿ ನೆಲೆಸಿರುವವರಲ್ಲಿ ನಮ್ಮವರದೊಂದು ಕುಟುಂಬವೂ ಇದೆ. ಆ ಮನೆಯ ಗೃಹಸ್ಥರು ಒಂದು ಸಂಜೆ ನಮ್ಮಲ್ಲಿಗೆ ಬಂದರು. ಮಗಳಿಗೆ ಐದು ತುಂಬುವ ದಿನ ಸಮೀಪಿಸಿತ್ತು. ಹಿರಿಯ ಮಗನ ಜನ್ಮದಿನವನ್ನು ಊರಿನಲ್ಲಿ ಛತ್ರ ಹಿಡಿದು ನಡೆಸಿದ್ದರಂತೆ. “ಹೆಣ್ಣೆಂದು ಕಡೆಗಣಿಸಿದರು ಎಂಬ ಮಾತು ಬರಬಾರದು ರಾಯರೇ” ಎಂದರು. ಬಾಡಿಗೆ, ಶಾಲೆಯ ಶುಲ್ಕ, ಊರಿನ ತಂದೆತಾಯಿಗಳಿಗೆ ಕಳುಹಿಸುವ ಹಣ ಕಳೆದು ಕೈಯಲ್ಲಿದ್ದುದು ಮೂರು ಸಾವಿರ ರೂಪಾಯಿ. ಸಭಾಂಗಣ, ಅಲಂಕಾರ, ಊಟ ಸೇರಿಸಿ ಅವರು ಹಾಕಿದ ಲೆಕ್ಕ ಮೂವತ್ತು ಸಾವಿರ. ಪತ್ನಿಯ ಬಳೆಗಳನ್ನು ಅಡವಿಡಬಹುದೇ ಎಂಬುದು ಅವರ ಪ್ರಶ್ನೆ.

ನಾವು ತಕ್ಷಣ ಉಪದೇಶಕ್ಕೆ ತೊಡಗಲಿಲ್ಲ. ಅದಕ್ಕೆ ಕಾರಣವಿತ್ತು. ರೈಲ್ವೆ ಸೇವೆಯಲ್ಲಿದ್ದಾಗ ನಾವೂ ಭವಿಷ್ಯನಿಧಿಯಿಂದ ಸಾಲ ತೆಗೆದು ಮಗಳ ಜನ್ಮದಿನವನ್ನು ಆಡಂಬರದಿಂದ ಮಾಡಿದವರೇ. ಮೇಲಧಿಕಾರಿಗಳನ್ನು ಎದುರುಗೊಂಡು ಕೂಡಿಸುವುದರಲ್ಲಿ ಇಡೀ ದಿನ ಕಳೆಯಿತು. ವರ್ಷಗಳ ಮೇಲೆ ಆ ದಿನದ ನೆನಪನ್ನು ಕೇಳಿದಾಗ ಮಗಳು ಹೇಳಿದ್ದು ಒಂದೇ ಮಾತು: “ಅಪ್ಪ, ಆರತಿ ಎತ್ತುವಾಗ ನೀವು ಇರಲಿಲ್ಲ.” ಸಾಲ ಎರಡು ವರ್ಷಗಳಲ್ಲಿ ತೀರಿತು, ಆ ಮಾತು ಇಂದಿಗೂ ತೀರಿಲ್ಲ.

ಶ್ರೀಮದ್ಭಾಗವತದ ದಶಮಸ್ಕಂಧದ ಏಳನೆಯ ಅಧ್ಯಾಯವನ್ನು ಸ್ಮರಿಸಿರಿ. ಶಿಶುಕೃಷ್ಣನು ಮಗ್ಗುಲು ಹೊರಳಿದ ಸಂಭ್ರಮ; ಅಂದು ಜನ್ಮನಕ್ಷತ್ರವೂ ಕೂಡಿತ್ತು. ಯಶೋದೆಯು ಮಂತ್ರಪೂರ್ವಕ ಅಭಿಷೇಕ ಮಾಡಿಸಿ, ದಾನಗಳನ್ನಿತ್ತು, ಮಗುವನ್ನು ಬಂಡಿಯ ಕೆಳಗೆ ಮಲಗಿಸಿ, ಬಂದವರ ಸತ್ಕಾರದಲ್ಲಿ ಮೈಮರೆತಳು. ಹಾಲಿಗಾಗಿ ಮಗು ಅತ್ತಿತು; ತಾಯಿಗೆ ಕೇಳಿಸಲಿಲ್ಲ. ಆಗ ಒದ್ದ ಆ ಪುಟ್ಟ ಪಾದಕ್ಕೆ ಬಂಡಿಯೇ ಮಗುಚಿಬಿತ್ತು, ಪಾತ್ರೆಗಳೆಲ್ಲ ಒಡೆದವು. ಯಶೋದೆಯ ವಾತ್ಸಲ್ಯದಲ್ಲಿ ಕೊರತೆ ಎಣಿಸುವ ಧೈರ್ಯ ನಮಗಿಲ್ಲ. ಆದರೆ ಅಂತಹ ತಾಯಿಗೇ ಅತಿಥಿಗಳ ಗದ್ದಲದಲ್ಲಿ ಮಗುವಿನ ಅಳು ಕೇಳಿಸದಿದ್ದರೆ ನಮ್ಮ ಪಾಡೇನು?

ಹಾಗಾದರೆ ಶಾಸ್ತ್ರವು ಅಪೇಕ್ಷಿಸುವುದೇನು? ಜನ್ಮತಿಥಿಯಂದು ಅಭ್ಯಂಗಸ್ನಾನ, ಕುಲದೇವತೆಯ ಪೂಜೆ, ಚಿರಂಜೀವಿಗಳ ಸ್ಮರಣೆ, ಹಿರಿಯರಿಗೆ ನಮಸ್ಕಾರ. ಅಶ್ವತ್ಥಾಮ, ಬಲಿ, ವೇದವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಎಂಬ ಏಳು ಮಂದಿಯನ್ನು ಸ್ಮರಿಸಿ, ಎಂಟನೆಯವರಾಗಿ ಮಾರ್ಕಂಡೇಯರನ್ನು ಪ್ರಾರ್ಥಿಸುವುದು. ಇವರಲ್ಲಿ ವೇದವ್ಯಾಸರೂ ಪರಶುರಾಮರೂ ಸಾಕ್ಷಾತ್ ಶ್ರೀಹರಿಯೇ ಎಂಬುದನ್ನು ಮಕ್ಕಳಿಗೆ ತಿಳಿಸಿಕೊಡಬೇಕು. ಬಳಿಕ ಎಳ್ಳು ಬೆಲ್ಲ ಬೆರೆಸಿದ ಹಾಲನ್ನು ಅರ್ಧ ಬೊಗಸೆಯಷ್ಟು ಆಯುರ್ವೃದ್ಧಿಗಾಗಿ ಕುಡಿಸುವುದು. ಒಂದು ಹಿಡಿ ಎಳ್ಳು, ಒಂದು ತುಂಡು ಬೆಲ್ಲ, ಒಂದು ಲೋಟ ಹಾಲು! ಇದಕ್ಕೆ ಯಾವ ಬಳೆಯನ್ನು ಅಡವಿಡಬೇಕು?

ನಾವು ಆ ಗೃಹಸ್ಥರೊಡನೆ ಕುಳಿತು ಮೂರು ಸಾವಿರದೊಳಗೇ ಲೆಕ್ಕ ಹಾಕಿದೆವು. ತಿಥಿಯಂದು ಮನೆಮಟ್ಟಿಗೆ ಪೂಜೆ, ಆರತಿ. ತಿಥಿ ಏಕಾದಶಿಯಾಗಿ ಬಂದರೆ ಪಾಯಸವು ದ್ವಾದಶಿಯಂದು. ಮರುಭಾನುವಾರ ಮಗುವಿನ ಹತ್ತು ಮಂದಿ ಗೆಳತಿಯರಿಗೆ ಮನೆಯಲ್ಲಿಯೇ ಉಪಾಹಾರ: ಅರ್ಧ ಕಿಲೋ ಶಾವಿಗೆ, ಮೂರು ಲೀಟರ್ ಹಾಲಿನ ಪಾಯಸ, ಕೋಸಂಬರಿ, ಚಿತ್ರಾನ್ನ, ಬಾಳೆಹಣ್ಣು. ಬಾಳೆಲೆ, ಹೂವು ಚಾಲೈ ಪೇಟೆಯಿಂದ. ಮಗಳಿಗೊಂದು ಹೊಸ ಲಂಗ. ಅಂದು ತಂದೆಗೆ ಬೇರಾವ ಕೆಲಸವೂ ಇಲ್ಲ. ಮಗಳ ಪಕ್ಕದಲ್ಲಿರುವುದೊಂದೇ ಕೆಲಸ.

ಹೆಣ್ಣುಮಗುವಿಗೆ ಕಡಿಮೆಯಾಯಿತೇ ಎಂಬ ಶಂಕೆ ಸಾಧುವೇ. ಆದರೆ ಸಮತೆಯನ್ನು ರೂಪಾಯಿಯಲ್ಲಿ ಅಳೆದರೆ ಸಾಲದು. ತುಳಸಿಯನ್ನು ಅವಳ ಕೈಯಿಂದಲೇ ಅರ್ಪಿಸಿರಿ, ಚಿರಂಜೀವಿಗಳ ಕಥೆಯನ್ನು ಅವಳಿಗೂ ಹೇಳಿರಿ. ಮುಂದೆ ಅಣ್ಣನ ಜನ್ಮದಿನವೂ ಇದೇ ಅಳತೆಯಲ್ಲಿ ನಡೆಯಲಿ. ಹೆಣ್ಣಿಗೆ ಮಾತ್ರ ಮಿತವ್ಯಯ ಕಲಿಸಿದರೆ ಅದು ಧರ್ಮವಲ್ಲ.

ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯದಲ್ಲಿ ಎರಡು ಪ್ರಸಂಗಗಳಿವೆ. ತಾಯಿ ಮನೆಯಲ್ಲಿಲ್ಲದಾಗ ಹಸಿದು ಅಳುತ್ತಿದ್ದ ಬಾಲವಾಸುದೇವನಿಗೆ ಅಕ್ಕನು ತೋಚದೆ ಬೇಯಿಸಿದ ಹುರುಳಿಯನ್ನು ತಿನ್ನಿಸಿದಳು; ಆ ಜಗದ್ಗುರುವು ತೃಪ್ತನಾದನು. ಒಂದು ಹೆಣ್ಣುಮಗುವಿನ ಕೈಯ ಹುರುಳಿಗೆ ದೊರೆತ ಭಾಗ್ಯ ಅದು. ಇನ್ನೊಮ್ಮೆ, ತಂದೆ ಕೊಂಡ ಎತ್ತಿನ ಬಾಕಿಗಾಗಿ ವ್ಯಾಪಾರಿಯು ಬಾಗಿಲಲ್ಲಿ ಪಟ್ಟುಹಿಡಿದು ಕುಳಿತಾಗ, ಬಾಲಕನು ಹುಣಸೆಬೀಜಗಳನ್ನಿತ್ತು ಆ ಋಣವನ್ನು ತೀರಿಸಿದನು. ನಮ್ಮ ಮಕ್ಕಳು ವಾಯುದೇವರ ಅವತಾರವಲ್ಲ. ಅವರ ಹೆಸರಿನಲ್ಲಿ ನಾವು ಮಾಡುವ ಸಾಲ ಹುಣಸೆಬೀಜದಿಂದ ತೀರುವುದೂ ಇಲ್ಲ. ಅವರ ಮುಂದಿನ ವರ್ಷದ ಶಾಲೆಯ ಶುಲ್ಕದಿಂದಲೇ ಅದು ತೀರಬೇಕು.

ಬಳೆಗಳು ಆ ತಾಯಿಯ ಕೈಯಲ್ಲಿಯೇ ಉಳಿದವು. ಆರತಿಯ ಹೊತ್ತಿಗೆ ನಾವೂ ಅಲ್ಲಿದ್ದೆವು. ತಂದೆಯ ತೊಡೆಯ ಮೇಲೆ ಕುಳಿತ ಮಗು ಎಳ್ಳಿನ ಹಾಲು ಕುಡಿದು “ಇನ್ನೂ ಬೇಕು” ಎಂದಿತು. ಆ ಕಂದನಿಗೂ ನಿಮ್ಮ ಮನೆಯ ಕಂದಮ್ಮಗಳಿಗೂ ಶ್ರೀಹರಿವಾಯುಗುರುಗಳು ದೀರ್ಘಾಯುಷ್ಯವನ್ನೂ ಸದ್ಬುದ್ಧಿಯನ್ನೂ ಕರುಣಿಸಲಿ.

ಶ್ರೀಕೃಷ್ಣಾರ್ಪಣಮಸ್ತು.