ವ್ರತವೋ, ಜುಗುಪ್ಸೆಯೋ?

ಕಳೆದ ಚಳಿಗಾಲದಲ್ಲಿ ಬರಗೂರಿನಿಂದ ಹೊರಟ ನಮ್ಮ ಕುಟುಂಬವು ಶ್ರವಣಬೆಳಗೊಳದ ದರ್ಶನ ಮುಗಿಸಿ ಬೈಲುಕುಪ್ಪೆಗೆ ಹೋಗಿತ್ತು. 1959ರ ಬಳಿಕ ತಾಯ್ನಾಡನ್ನು ತೊರೆದು ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರವು ಪಿರಿಯಾಪಟ್ಟಣ ತಾಲ್ಲೂಕಿನ ಈ ಭೂಮಿಯನ್ನು ಕೊಟ್ಟಿತು. 1963ರಲ್ಲಿ ಸ್ಥಾಪಿತವಾದ ನಾಮ್‌ಡ್ರೋಲಿಂಗ್ ವಿಹಾರವನ್ನು ನೋಡಿ ಹೊರಬಂದಾಗ, ಮಗಳು ಒಂದು ಚಿಕ್ಕ ಉಪಾಹಾರ ಗೃಹವನ್ನು ತೋರಿಸಿ, “ಅಪ್ಪಾಜಿ, ಇಲ್ಲಿ ಊಟ ಮಾಡಬಹುದೇ?” ಎಂದಳು.

ಒಳಗೆ ಕಾಲಿಟ್ಟೊಡನೆ ನನ್ನ ಕೈ ತಾನಾಗಿಯೇ ಮೂಗಿನತ್ತ ಹೋಯಿತು. ಒಲೆಯ ಮೇಲೆ ಮೋಮೊ ಬೇಯುತ್ತಿತ್ತು. ಅದು ನಮ್ಮ ಕಡುಬಿನಂಥ ತಿನಿಸು. ಅಂತಸ್ತು ಅಂತಸ್ತಾದ ಪಾತ್ರೆಯಲ್ಲಿ ಕೆಳಗೆ ಮಾಂಸದ್ದು, ಮೇಲೆ ಎಲೆಕೋಸಿನದು. ಎರಡಕ್ಕೂ ಒಂದೇ ಹಬೆ. ಅಹಿಂಸೆಯನ್ನು ಬೋಧಿಸುವ ಬೌದ್ಧರಲ್ಲಿ ಇದೇಕೆ ಎಂದು ನಮ್ಮವರು ಕೇಳುವುದುಂಟು. ತನಗಾಗಿ ಕೊಂದದ್ದೆಂದು ಕಾಣದ, ಕೇಳದ, ಶಂಕಿಸದ ಮಾಂಸವು ಭಿಕ್ಷುವಿಗೆ ನಿಷಿದ್ಧವಲ್ಲವೆಂಬುದು ಅವರ ಪ್ರಾಚೀನ ವಿನಯ. ಮೇಲಾಗಿ ಟಿಬೆಟ್ಟಿನ ಎತ್ತರದಲ್ಲಿ ಜವೆಗೋಧಿಯೂ ಹುಲ್ಲುಗಾವಲೂ ಬಿಟ್ಟರೆ ಸೊಪ್ಪು ತರಕಾರಿ ಅಪರೂಪ. ಆದರೂ 2007ರಲ್ಲಿ ಹದಿನೇಳನೆಯ ಕರ್ಮಾಪ ಒಗ್ಯೆನ್ ತ್ರಿನ್ಲೆ ದೋರ್ಜೆಯವರು ಬುದ್ಧಗಯೆಯಲ್ಲಿ ಮಾಂಸತ್ಯಾಗಕ್ಕೆ ಕರೆಕೊಟ್ಟರು. ನಮ್ಮ ಮಾರ್ಗವಾದರೋ ಕೃತ, ಕಾರಿತ, ಅನುಮೋದನೆಗಳೆಂಬ ಮೂರನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಆದ್ದರಿಂದ ಮೋಮೊ ಬೇಡವೆಂದೆ. ಈ ನಿರ್ಧಾರದಲ್ಲಿ ನನಗೆ ಇಂದಿಗೂ ಸಂದೇಹವಿಲ್ಲ.

ಸಂದೇಹವಿರುವುದು ಮೂಗಿಗೆ ಹೋದ ಕೈಯ ವಿಷಯದಲ್ಲಿ. ಅಂದು ಬೆಳಿಗ್ಗೆ ಹೆದ್ದಾರಿಯ ಹೋಟೆಲಿನಲ್ಲಿ ಇಡ್ಲಿ ತಿನ್ನುವಾಗ ಸಾಂಬಾರಿನಲ್ಲಿ ಈರುಳ್ಳಿ ಇದೆಯೇ ಎಂದು ನಾನು ಕೇಳಿರಲಿಲ್ಲ. ಪರಿಚಿತ ವಾಸನೆಯ ಮುಂದೆ ಮಲಗಿದ್ದ ವಿವೇಕವು ಅಪರಿಚಿತರ ಬಾಗಿಲಲ್ಲಿ ಮಾತ್ರ ಎಚ್ಚರಗೊಂಡರೆ ಅದನ್ನು ವ್ರತವೆನ್ನಬಹುದೇ? ಸಮ್ಯಗ್ದರ್ಶನದ ಅಷ್ಟಾಂಗಗಳಲ್ಲಿ ಮೂರನೆಯದು ನಿರ್ವಿಚಿಕಿತ್ಸೆ. ರೋಗಗ್ರಸ್ತ ಮುನಿಯ ವಾಂತಿಗೂ ಹೇಸದೆ ಸೇವೆಗೈದ ಉದ್ದಾಯನ ರಾಜನು ಅದಕ್ಕೆ ಆದರ್ಶ. ಶಾಸ್ತ್ರದಲ್ಲಿ ಅದು ರತ್ನತ್ರಯದಿಂದ ಪವಿತ್ರವಾದ ದೇಹದ ಸಂದರ್ಭದಲ್ಲಿ ಬಂದಿದೆ, ಪರರ ಅಡುಗೆಮನೆಗೆ ಅದನ್ನು ಎಳೆದು ತರುವುದು ಸಲ್ಲದೆಂದು ಪಂಡಿತರು ಆಕ್ಷೇಪಿಸಬಹುದು. ಆಗಲಿ. ಆಹಾರವನ್ನು ತ್ಯಜಿಸುವುದು ಸಂಯಮ; ಉಣ್ಣುವವನನ್ನು ಹೇಸುವುದು ಕಷಾಯವೇ ಸರಿ.

ಮಾಲೀಕರಾದ ವೃದ್ಧೆಗೆ ನಮ್ಮ ನಿಯಮವನ್ನು ತಿಳಿಸಿದೆ. ಅವರು ಬೇಸರಿಸದೆ, ತ್ಸಂಪಾ ಆಗಬಹುದೇ ಎಂದು ಕನ್ನಡದಲ್ಲಿಯೇ ಕೇಳಿದರು. ಹುರಿದ ಜವೆಗೋಧಿಯ ಹಿಟ್ಟನ್ನು ಬೆಣ್ಣೆ ಬೆರೆಸಿದ ಉಪ್ಪು ಚಹಾದಲ್ಲಿ ಕಲಸುವುದು ಅವರ ಪದ್ಧತಿ. ನವನೀತವೂ ನಮಗೆ ವರ್ಜ್ಯವೆಂದಾಗ ಅವರು ನಕ್ಕು, ಹೊಸ ಬಟ್ಟಲಿನಲ್ಲಿ ಬಿಸಿನೀರು, ಸಕ್ಕರೆ ಹಾಕಿ ಕಲಸಿಕೊಟ್ಟರು. ಒಂದು ತುತ್ತು ತಿಂದ ನನ್ನ ಪತ್ನಿ, “ಇದು ನಮ್ಮ ಹುರಿಹಿಟ್ಟೇ ಅಲ್ಲವೇನ್ರೀ!” ಎಂದಳು. ಬರಗೂರಿನ ರಾಗಿಯ ಘಮ ಅದರಲ್ಲಿರಲಿಲ್ಲ, ಆದರೆ ಗಂಟಲಿಗೆ ಅಂಟುವ ಪರಿ ಅದೇ.

ಮರಳುವಾಗ ಸೂರ್ಯಾಸ್ತಕ್ಕೆ ಮುನ್ನ ಅದೇ ಹೆದ್ದಾರಿಯ ಹೋಟೆಲಿನಲ್ಲಿ ನಿಂತೆವು. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು. ಸಾಂಬಾರಿನ ಬಗ್ಗೆ ಕೇಳಿದೆ. ಈರುಳ್ಳಿ ಇತ್ತು. ಇಡ್ಲಿಯನ್ನು ಸಕ್ಕರೆಯೊಂದಿಗೆ ತಿಂದೆವು.