ಫಲದ ಆಸೆ ಬೇಡ, ಫಲದ ಲೆಕ್ಕ ಬೇಕು

ಕರ್ಮದಲ್ಲಷ್ಟೇ ನಿನಗೆ ಅಧಿಕಾರ, ಫಲದಲ್ಲಲ್ಲ ಎನ್ನುವ ಗೀತೆಯ 2ನೇ ಅಧ್ಯಾಯದ 47ನೇ ಶ್ಲೋಕದಷ್ಟು ಸರ್ಕಾರಿ ಕಚೇರಿಗಳ ಅನುಕೂಲಕ್ಕೆ ಒದಗಿಬಂದ ಶಾಸ್ತ್ರವಾಕ್ಯ ಬೇರೊಂದಿಲ್ಲ. ಅನುದಾನ ಪೂರ್ತಿ ಖರ್ಚಾಗಿದೆ, ಪೈಪ್ ಹಾಕಿದ್ದಾಗಿದೆ, ಫೋಟೊ ಅಪ್‌ಲೋಡ್ ಆಗಿದೆ. ಇನ್ನು ಜನ ಬಳಸಿದರೆ ಬಳಸಲಿ, ಬಿಟ್ಟರೆ ಬಿಡಲಿ ಎಂಬ ಧೋರಣೆಯೂ ಅಲ್ಲಿ ನಿಷ್ಕಾಮ ಕರ್ಮವೆನಿಸಿಕೊಳ್ಳುತ್ತದೆ. ಹಾಗಾಗಿ ಪಂಚಾಯಿತಿ, ಪುರಸಭೆಗಳ ಕೆಲಸವನ್ನು ಫಲಿತಾಂಶದಿಂದ ಅಳೆಯಬೇಕು ಎಂದಾಗ ಏಳುವ ಪ್ರಶ್ನೆ ಆಡಳಿತದ್ದಷ್ಟೇ ಅಲ್ಲ, ಧರ್ಮದ್ದೂ ಹೌದು. ಫಲ ನಮ್ಮ ಕೈಯಲ್ಲಿಲ್ಲ ಎಂದ ಮೇಲೆ ಅದಕ್ಕೆ ನಾವು ಉತ್ತರ ಕೊಡಬೇಕೆ? ಕೊಡಬೇಕು ಎಂಬುದು ನನ್ನ ವಾದ, ಮತ್ತು ಗೀತೆಯೇ ಅದಕ್ಕೆ ಆಧಾರ. ಅದೇ ಗ್ರಂಥದ 18ನೇ ಅಧ್ಯಾಯದ 25ನೇ ಶ್ಲೋಕ, ಮುಂದೇನಾದೀತು, ಎಷ್ಟು ನಷ್ಟವಾದೀತು, ಯಾರಿಗೆ ಹಿಂಸೆಯಾದೀತು, ತನ್ನ ಶಕ್ತಿ ಎಷ್ಟು ಎಂದು ನೋಡದೆ ಮೋಹದಿಂದ ಕೈಹಾಕುವ ಕೆಲಸವನ್ನು ತಾಮಸವೆಂದು ಕರೆಯುತ್ತದೆ. ಬಿಡಬೇಕಾದದ್ದು ತನಗೇನು ಸಿಕ್ಕೀತು ಎಂಬ ಹಂಬಲವನ್ನು. ಊರಿಗೇನಾಯಿತು ಎಂಬ ವಿಚಾರಣೆಯನ್ನು ಬಿಡಲು ಯಾರೂ ಹೇಳಿಲ್ಲ. 3ನೇ ಅಧ್ಯಾಯ ಜ್ಞಾನಿಯ ದುಡಿಮೆಗೆ ಲೋಕಸಂಗ್ರಹದ ಗುರಿಯಿಟ್ಟಿದೆ. ಲೋಕದ ಕಡೆ ತಿರುಗಿಯೂ ನೋಡದೆ ಅದನ್ನು ಸಾಧಿಸುವುದು ಹೇಗೆ?

ಶೌಚಾಲಯದ ವಿಚಾರವನ್ನೇ ತೆಗೆದುಕೊಳ್ಳೋಣ. 2014ರ ಅಕ್ಟೋಬರ್ 2ರಂದು ಶುರುವಾದ ಸ್ವಚ್ಛ ಭಾರತ ಅಭಿಯಾನದಲ್ಲಿ ಹಳ್ಳಿಗಳಲ್ಲಿ 10 ಕೋಟಿಗೂ ಮೀರಿ ಶೌಚಾಲಯ ಕಟ್ಟಿದ ಲೆಕ್ಕ ಬಂತು. ಸರಿಯಾಗಿ 5 ವರ್ಷಕ್ಕೆ ಗ್ರಾಮೀಣ ಭಾರತ ಬಯಲು ಶೌಚ ಮುಕ್ತವೆಂದು ಘೋಷಣೆಯಾಯಿತು. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಮನೆಮನೆಗೆ ಹೋಗಿ ಕೇಳಿದಾಗ ದೇಶದ ಶೇ. 19ರಷ್ಟು ಮನೆಗಳವರು ಯಾವ ಶೌಚಾಲಯವನ್ನೂ ಬಳಸುತ್ತಿರಲಿಲ್ಲ. 2015–16ರಲ್ಲಿ ಆ ಪ್ರಮಾಣ ಶೇ. 39 ಇತ್ತು. ಅರ್ಧಕ್ಕರ್ಧ ಇಳಿದದ್ದು ಸಣ್ಣ ಸಾಧನೆಯಲ್ಲ, ಅದನ್ನು ಅಲ್ಲಗಳೆಯುವುದು ಅನ್ಯಾಯ. ಆದರೂ ಘೋಷಣೆಯ ಸೊನ್ನೆಗೂ ಸಮೀಕ್ಷೆಯ ಹತ್ತೊಂಬತ್ತಕ್ಕೂ ಹೊಂದಾಣಿಕೆಯಾಗದಿರಲು ಮುಖ್ಯ ಕಾರಣ, ಒಂದು ಕಡೆ ಗೋಡೆಗಳನ್ನು ಎಣಿಸಿದರು, ಇನ್ನೊಂದು ಕಡೆ ಬಳಸುವ ಜನರನ್ನು ಕೇಳಿದರು. ಮನೆಯ ಯಜಮಾನ ಹೊಸ ಬಾಗಿಲ ಮುಂದೆ ನಿಂತ ಫೋಟೊ ಕಂಪ್ಯೂಟರಿಗೆ ಹೋಗುತ್ತದೆ. ಒಳಗೆ ಸೌದೆ, ಜೋಳದ ದಂಟು ಒಟ್ಟಿದ್ದರೆ ಅದು ಫೋಟೊದಲ್ಲಿ ಕಾಣುವುದಿಲ್ಲ. ಗುಂಡಿ ತುಂಬಿದರೆ ಬಳಿಯುವವರು ಯಾರು ಎಂಬ, ಜಾತಿಯ ಬೇರಿರುವ ಅಂಜಿಕೆಯಂತೂ ಯಾವ ಕಾಲಂನಲ್ಲೂ ಇಲ್ಲ. ಕಟ್ಟಿದ್ದನ್ನು ಜನ ಬಳಸದಿರಲು ಅಂಥ ಅಂಜಿಕೆಯೇ ದೊಡ್ಡ ಕಾರಣವಾಗಿದ್ದ ಊರುಗಳಿವೆ.

ಇದಕ್ಕೆ ಅಧಿಕಾರಿಗಳ ಕಡೆಯಿಂದ ಬರುವ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ. ಫಲಕ್ಕೆ ನೂರು ಕಾರಣ, ಒಬ್ಬ ಪಿಡಿಒ ತಲೆಗೆ ಯಾಕೆ ಕಟ್ಟುತ್ತೀರಿ? ನೀರುಗಂಟಿ ಹೊತ್ತಿಗೆ ಸರಿಯಾಗಿ ವಾಲ್ವ್ ತಿರುಗಿಸಿದರೂ ತ್ರೀ ಫೇಸ್ ಕರೆಂಟ್ ಇಲ್ಲದಿದ್ದರೆ ಟ್ಯಾಂಕ್ ತುಂಬದು. ಪಾವಗಡದಂಥ ತಾಲ್ಲೂಕಿನಲ್ಲಿ ಬೋರ್‌ವೆಲ್ ನೀರೇ ಫ್ಲೋರೈಡ್ ಹೊತ್ತು ಬರುತ್ತದೆ. ಗೀತೆಯೂ ಯಾವುದೇ ಕೆಲಸ ಕೈಗೂಡಲು ಆಧಾರಸ್ಥಾನ, ಮಾಡುವವನು, ಸಲಕರಣೆ, ಬಗೆಬಗೆಯ ಪ್ರಯತ್ನ, ದೈವ ಎಂದು 5 ಕಾರಣ ಹೇಳಿ, ತಾನೊಬ್ಬನೇ ಕರ್ತ ಎಂದುಕೊಳ್ಳುವವನನ್ನು ತಿಳಿಗೇಡಿ ಎನ್ನುತ್ತದೆ. ಒಪ್ಪೋಣ. ಆದರೆ ಇದರಿಂದ ಅಳೆಯಬೇಡಿ ಎಂದು ಹೊರಡುವುದಿಲ್ಲ. ಐದರಲ್ಲಿ ಯಾವುದು ಕೈಕೊಟ್ಟಿತು ಎಂದು ಹುಡುಕಲು ಮೊದಲು ಫಲ ಗೊತ್ತಿರಬೇಕು. ಜಲ ಜೀವನ್ ಮಿಷನ್ ತಲೆಗೆ ದಿನಕ್ಕೆ 55 ಲೀಟರ್ ನೀರಿನ ಮಾತು ಕೊಟ್ಟಿದೆ. ನಲ್ಲಿಗಳ ಸಂಖ್ಯೆ ಅದಕ್ಕೆ ಸಾಕ್ಷಿಯಾಗದು. ಪೈಪಿನ ತುದಿಯ ಮನೆಗೆ ವಾರದಲ್ಲಿ ಎಷ್ಟು ದಿನ ನೀರು ಬಂತು, ಆ ಮನೆಯ ಹೆಂಗಸರು ಇನ್ನೂ ಬಿಂದಿಗೆ ಹಿಡಿದು ಹೊರಗೆ ಹೋಗುತ್ತಾರೆಯೇ ಎಂದು ಕೇಳಿದರೆ ಗೊತ್ತಾದೀತು. ಸರಾಸರಿ ಲೀಟರ್ ಲೆಕ್ಕ ಬೇಡ. ಟ್ಯಾಂಕಿನ ಪಕ್ಕದ ಬೀದಿಯ ಸಮೃದ್ಧಿಯಲ್ಲಿ ಕಡೆಯ ಕೇರಿಯ ಬಾಯಾರಿಕೆಯನ್ನು ಸರಾಸರಿ ಮುಚ್ಚಿಹಾಕುತ್ತದೆ.

ನಿಜವಾದ ಅಪಾಯ ಬೇರೆ ಕಡೆ ಇದೆ. ಅಂಕಿಗೆ ಬಹುಮಾನವನ್ನೋ ಶಿಕ್ಷೆಯನ್ನೋ ಕಟ್ಟಿದಷ್ಟೂ ಆ ಅಂಕಿ ಕೆಡುತ್ತದೆ ಎಂದು ಅಮೆರಿಕದ ಸಮಾಜವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲೇ ಎಚ್ಚರಿಸಿದ್ದ. ಅವನದೇ ದೇಶದ ಅಟ್ಲಾಂಟಾ ನಗರದಲ್ಲಿ ಮಕ್ಕಳ ಪರೀಕ್ಷೆಯ ಅಂಕಕ್ಕೆ ಮೇಷ್ಟರ ನೌಕರಿಯನ್ನು ತಳಕು ಹಾಕಿದ್ದರು. 2011ರ ತನಿಖೆಯಲ್ಲಿ 44 ಶಾಲೆಗಳಲ್ಲಿ ಅಕ್ರಮ ನಡೆದದ್ದು ಬಯಲಾಯಿತು. ಮಕ್ಕಳು ಗುರುತು ಹಾಕಿದ ತಪ್ಪು ಉತ್ತರವನ್ನು ಅಳಿಸಿ ಸರಿ ಉತ್ತರಕ್ಕೆ ಗುರುತು ಹಾಕಿದವರಲ್ಲಿ ಶಿಕ್ಷಕರೇ ಇದ್ದರು. ಫಲದ ಆಸೆ ಫಲವನ್ನೇ ತಿಂದುಹಾಕಿತು. ನಮ್ಮಲ್ಲಿ ಇದನ್ನು 12ನೇ ಶತಮಾನದಲ್ಲೇ ಕಂಡವಳು ಆಯ್ದಕ್ಕಿ ಲಕ್ಕಮ್ಮ. ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ದಾಸೋಹ ನಡೆಸುತ್ತಿದ್ದ ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ತಂದ. ಅವಳು ಹಿಗ್ಗಲಿಲ್ಲ, ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದಳು ಎಂಬುದು ಶರಣರ ಕಥೆ. ಪ್ರಮಾಣ ಏರಿದ್ದನ್ನು ಕಂಡಾಗ ಅದು ಎಲ್ಲಿಂದ, ಯಾಕೆ ಬಂತು ಎಂದು ಅವಳು ಕೇಳಿದಳು. ಪ್ರಗತಿ ಪರಿಶೀಲನಾ ಸಭೆಗಳಲ್ಲಿ ಈ ಪ್ರಶ್ನೆ ಕೇಳಿಬರುವುದು ಅಪರೂಪ.

ಆಮಿಷವೂ ಭಯವೂ ಇಲ್ಲದೆ ಯಾರು ದುಡಿಯುತ್ತಾರೆ ಎಂದು ಕೇಳುವವರಿದ್ದಾರೆ. ಎರಡೂ ಇರಲಿ, ಒಬ್ಬರ ಕೈಯಲ್ಲಿರುವ ಕೆಲಸಕ್ಕೆ ಮಾತ್ರ ಇರಲಿ. 2011ರ ಸಕಾಲ ಕಾಯ್ದೆ ಅರ್ಜಿ ವಿಲೇವಾರಿಗೆ ದಿನ ಗೊತ್ತುಮಾಡಿ, ತಡವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ನಿಗದಿ ಮಾಡಿತು. ಅರ್ಜಿಯನ್ನು ಮೇಜಿನ ಮೇಲೆ ಕೊಳೆಯಿಸಿದ್ದಕ್ಕೆ ನೌಕರನೇ ಹೊಣೆ, ದಂಡ ನ್ಯಾಯವೇ. ಅತಿಸಾರ ಇಳಿದದ್ದು, ಮಗು ಓದಲು ಕಲಿತದ್ದು ಹಲವರ ದುಡಿಮೆಯ ಫಲ. ಅದನ್ನು ಯಾರ ಬಡ್ತಿಗೂ ಕಟ್ಟಬಾರದು, ಅದರಿಂದ ಲಾಭವಿಲ್ಲದವರು ಅಳೆಯಬೇಕು, ಎಲ್ಲರ ಮುಂದೆ ಓದಬೇಕು. ಅದಕ್ಕೆ ಗ್ರಾಮಸಭೆ ಇದೆ. ಮುಂದಿನ ಸಭೆಯಲ್ಲಿ ಇಷ್ಟು ನಲ್ಲಿ ಹಾಕಿಸಿದೆವು ಎಂದು ಪಂಚಾಯಿತಿಯವರು ಓದಿದಾಗ, ಕಡೆಯ ಕೇರಿಗೆ ಕಳೆದ ವಾರ ಎಷ್ಟು ದಿನ ನೀರು ಬಂತು ಎಂದು ಎದ್ದು ಕೇಳಿ. ಬಂದ ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.